ಇನ್ನೂ ಏನೂ ಅನ್ನಿಸದಿದ್ದರೆ

ಚಿ. ಸೌ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿಯ ಸುದ್ದಿಯನ್ನೆಲ್ಲ ನಿನ್ನಮ್ಮ ಹೇಳಿರುತ್ತಾಳೆ. ನಿನ್ನ ಕಾಗದದ ಕೊನೆಗೆ ಅಂಚಿನಲ್ಲಿ ಒತ್ತಿ ಬರೆದ ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ: "ಮಗುವನ್ನು ಎತ್ತಿಕೊಂಡರೆ ಏನೂ ಅನ್ನಿಸುವುದಿಲ್ಲ ದೊಡ್ಡಮ್ಮ. ಯಾರದೋ ಮಗು ಅನ್ನಿಸುತ್ತದೆ."

ಹೆತ್ತ ಗಳಿಗೆಯಲ್ಲೇ ಪ್ರೀತಿ ಉಕ್ಕಿ ಬರುತ್ತದೆ ಎನ್ನುತ್ತಾರೆ. ಕೆಲವರಿಗೆ ಹಾಗಾಗುವುದೂ ನಿಜ. ಎಷ್ಟೋ ತಾಯಂದಿರಿಗೆ ಅದಕ್ಕೆ ವಾರಗಳು ಬೇಕು, ಕೆಲವರಿಗೆ ತಿಂಗಳುಗಳು. ನಿನ್ನ ಮಗನಿಗೆ ಈಗ 5 ವಾರ. ದಿನಕ್ಕೆ 8ರಿಂದ 12 ಸಲ ಹಾಲೂಡಿಸುತ್ತೀ, ಅವನು ನಗುವುದಕ್ಕೆ ಇನ್ನೂ ಶುರುಮಾಡಿಲ್ಲ. ಮುಖ ನೋಡಿ ನಗುವುದು ಸಾಮಾನ್ಯವಾಗಿ 6ರಿಂದ 8 ವಾರಕ್ಕೆ. ಅಳು ಏರುತ್ತಾ ಹೋಗಿ ಸುಮಾರು 6ನೇ ವಾರಕ್ಕೆ ತುದಿ ಮುಟ್ಟುತ್ತದೆ, 3–4 ತಿಂಗಳಿಗೆ ತಗ್ಗುತ್ತದೆ. ನೀನೀಗ ಕೊಡುತ್ತಲೇ ಇರುವ, ಏನೂ ತಿರುಗಿ ಬಾರದ ದಿನಗಳಲ್ಲಿದ್ದೀ.

ಮುಖ ತಿರುಗಿಸಿಕೊಳ್ಳುತ್ತಾನೆ ಅಂತಲೂ ಬರೆದಿದ್ದೀಯಲ್ಲ, ಅದು ನಿನ್ನ ಮೇಲಿನ ಮುನಿಸಲ್ಲ ಕಣೇ. ಅವನಿಗೆ ಸ್ಪಷ್ಟವಾಗಿ ಕಾಣುವುದು 20–30 ಸೆಂ.ಮೀ. ದೂರದ್ದು ಮಾತ್ರ, ಹಾಲು ಕುಡಿಯುವಾಗ ನಿನ್ನ ಮುಖ ಇರುವಷ್ಟು. ನೋಡಿ ನೋಡಿ ದಣಿದಾಗ ಕತ್ತು ಹೊರಳಿಸುತ್ತಾನೆ, ಆಕಳಿಸುತ್ತಾನೆ, ಬೆರಳು ಅಗಲಿಸುತ್ತಾನೆ. ಆಗ ಎದುರಿಗೆ ಹೋಗಿ ಕರೆಯಬೇಡ, ಸುಮ್ಮನೆ ಕಾಯಿ. ದಣಿವಾರಿದ ಮೇಲೆ ತಾನೇ ತಿರುಗುತ್ತಾನೆ.

ಮತ್ತೆ ಆ ಅಂಚಿನ ಮಾತಿಗೇ ಬರುತ್ತೇನೆ. ಪ್ರೀತಿ ತಡವಾಗುವುದು ಬೇರೆ, ಮನಸ್ಸೇ ಮಂಕಾಗುವುದು ಬೇರೆ. ಮಾಸು ಬಿದ್ದ ಮೇಲೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ಒಮ್ಮೆಲೇ ಕುಸಿಯುವುದರಿಂದ 2–3ನೇ ದಿನದಿಂದ ಸುಮ್ಮಸುಮ್ಮನೆ ಅಳು ಬರುವುದುಂಟು. ಅದು ಎರಡು ವಾರದೊಳಗೆ ಹೋಗಬೇಕು. ನಿನಗೆ ಹೋಗಿದೆಯೋ ಇಲ್ಲವೋ ಕಾಗದದಿಂದ ತಿಳಿಯಲಿಲ್ಲ, ನನ್ನ ದಿಗಿಲೆಲ್ಲ ಅಲ್ಲೇ.

ನಮ್ಮ ವಾರಗೆಯ ಹೆಂಗಸರು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಅತ್ತರೆ "ಸುಮ್ಮನಿರು, ಹಾಲು ಬತ್ತೀತು" ಎನ್ನುತ್ತಿದ್ದರು. ಕೇಳಬೇಕಾದ ಪ್ರಶ್ನೆ ಯಾವುದೆಂದೇ ಆಗ ಯಾರಿಗೂ ಗೊತ್ತಿರಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಎಡಿನ್‌ಬರೋ ಪ್ರಶ್ನಾವಳಿ ಬಂದದ್ದು 1987ರಲ್ಲಿ, ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲೆಂದೇ. ಅದರಲ್ಲಿ 10 ಪ್ರಶ್ನೆಗಳಿವೆ, ಒಂದೊಂದಕ್ಕೆ 0ರಿಂದ 3 ಅಂಕ. ಹಿಂದಿನ 7 ದಿನ ಹೇಗಿದ್ದೆ ಎಂದು ನೆನೆದು ಬರೆಯಬೇಕು. ಒಬ್ಬಳೇ ಕೂತು ಬರೆ, ಪಕ್ಕದಲ್ಲಿ ಯಾರಾದರೂ ಇದ್ದರೆ ಉತ್ತರ ನಯವಾಗಿಬಿಡುತ್ತದೆ. ಒಟ್ಟು 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ನೋಡಲೇಬೇಕು. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದ್ದು. ಅಲ್ಲಿ 0 ಬಿಟ್ಟು ಬೇರೇನು ಬಂದರೂ ಅವತ್ತೇ ಹೋಗು. ರಕ್ತದಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್ ನೋಡಲು ಹೇಳು. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೂ ಮನಸ್ಸು ಹೀಗೇ ಕುಗ್ಗುತ್ತದೆ. ಔಷಧಿ ಬೇಕಾದರೆ ಹಾಲೂಡಿಸುತ್ತಲೇ ತೆಗೆದುಕೊಳ್ಳುವಂಥವೂ ಇವೆ, ಆ ಅಂಜಿಕೆಗೆ ಹೋಗದೇ ಇರಬೇಡ.

ಇಷ್ಟು ದೂರದಿಂದ ಬುದ್ಧಿ ಹೇಳುವುದು ಸುಲಭ, ಗೊತ್ತು. ಆದರೂ ನಿದ್ದೆಯ ವಿಷಯ ಹೇಳದೆ ಇರಲಾರೆ. ರಾತ್ರಿ ಒಂದೇ ಪಟ್ಟಿಗೆ 4–5 ಗಂಟೆ ನಿನಗೆ ಬೇಕು. ಮಲಗುವ ಮುಂಚೆ ಹಾಲು ಹಿಂಡಿಡು. ಹೊರಗೆ 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 4 ದಿನ ಇರುತ್ತದೆ, ಬಾಗಿಲಿನ ತಟ್ಟೆಯಲ್ಲಿ ಇಡಬೇಡ. ನಡುವಿನ ಒಂದು ಊಟ ನಿನ್ನ ಗಂಡ ಕೊಡಲಿ. ಅವನ ಮನಸ್ಸು ಹೇಗಿದೆ ಎಂದೂ ಕೇಳು, ತಂದೆಯರಿಗೂ ಈ ಖಿನ್ನತೆ ಬರುತ್ತದೆ.

ಅವನ ಅಳು ತಡೆಯಲಾಗದೆ ನಿನ್ನ ಕೈ ನಡುಗಿದರೆ ಮಗುವನ್ನು ದಿಂಬು ಹೊದಿಕೆಯಿಲ್ಲದ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ, 10 ನಿಮಿಷ ಬೇರೆ ಕೋಣೆಗೆ ಹೋಗು. ಅಷ್ಟು ಹೊತ್ತು ಅತ್ತರೆ ಅವನಿಗೇನೂ ಆಗದು. ಕುಲುಕಿದರೆ ಮಿದುಳಿಗೆ ಪೆಟ್ಟಾಗುತ್ತದೆ. ಒಮ್ಮೆಯೂ ಕುಲುಕಬಾರದು.

ಏನೂ ಅನ್ನಿಸದಿದ್ದರೂ ರಾತ್ರಿಯೆಲ್ಲ ಎದ್ದು ಹಾಲೂಡಿಸುತ್ತಿದ್ದೀ. ಮಗುವಿಗೆ ಸದ್ಯಕ್ಕೆ ಬೇಕಾದದ್ದು ಸಿಗುತ್ತಿದೆ. "ನಾನು ತಾಯಿಯಾಗಲು ಲಾಯಕ್ಕಲ್ಲ" ಎಂಬ ತೀರ್ಮಾನವನ್ನು ಈ ನಿದ್ದೆಗೆಟ್ಟ ತಲೆಯಲ್ಲಿ ಮಾಡಬೇಡ.

ಅಂಕ ಎಷ್ಟು ಬಂತೆಂದು ತಪ್ಪದೆ ಬರೆ. ಹತ್ತರೊಳಗೆ ಬಂದರೂ ಎರಡು ವಾರ ಬಿಟ್ಟು ಮತ್ತೊಮ್ಮೆ ತುಂಬು. ಈ ಖಿನ್ನತೆ ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಶುರುವಾಗಬಹುದು.

ನಿನ್ನ
ದೊಡ್ಡಮ್ಮ