ಡ್ರೈವ್ ಬದಲಿಸುವ ಮೊದಲು ವೈರಿಂಗ್ ನೋಡಿ

ಸಂಪಾದಕರೇ,

ಕಂಪ್ಯೂಟರ್ ಹೇಳಿದಂತೆ ಬಾಗಿಲು ಕೆತ್ತುವ ಸಿಎನ್‌ಸಿ ರೂಟರ್ ಮೆಷಿನ್‌ಗಳು ಈಗ ಪೀಣ್ಯದಲ್ಲಷ್ಟೇ ಅಲ್ಲ, ಸಣ್ಣ ಊರಿನ ಮರಗೆಲಸದ ಅಂಗಡಿಗಳಲ್ಲೂ ಇವೆ. ಜೊತೆಗೇ ಒಂದು ಗೋಳು. ಕೆತ್ತನೆ ಅರ್ಧ ಆಗಿರುತ್ತದೆ, ಯಾರೂ ಮುಟ್ಟಿರುವುದಿಲ್ಲ, ಲಿಮಿಟ್ ಸ್ವಿಚ್ (ಕೆತ್ತುವ ತಲೆ ಅಂಚಿಗೆ ಬಂದರೆ ಮೆಷಿನ್ ನಿಲ್ಲಿಸುವ ಸ್ವಿಚ್) ಒತ್ತಿದೆ ಅಂತ ತೋರಿಸಿ ಮೆಷಿನ್ ನಿಂತುಬಿಡುತ್ತದೆ. ತೇಗದ ಹಲಗೆ ಹಾಳು. ಪಾಪ, ಮಾಲೀಕರು ಸ್ವಿಚ್ ಬದಲಿಸುತ್ತಾರೆ, ಆಮೇಲೆ ಬೋರ್ಡ್, ಕೊನೆಗೆ ಮೋಟಾರಿನ ವೇಗ ಹಿಡಿತದಲ್ಲಿಡುವ ಡ್ರೈವನ್ನೇ. ಆದರೂ ತೊಂದರೆ ಹೋಗುವುದಿಲ್ಲ.

ಪ್ಯಾನೆಲ್ ವೈರಿಂಗ್ ಮಾಡುವವನಾಗಿ ಹೇಳುತ್ತೇನೆ, ಇಂಥ ಕಡೆ ಮೊದಲು ನೋಡಬೇಕಾದದ್ದು ಕೇಬಲ್. 230 ವೋಲ್ಟ್‌ನ ಡ್ರೈವ್ ಒಳಗೆ ಸುಮಾರು 320 ವೋಲ್ಟ್ ಡಿಸಿ ಇರುತ್ತದೆ, ಅದನ್ನು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡಿ ಮೋಟಾರಿಗೆ ಕಳಿಸುತ್ತದೆ, ಪ್ರತಿ ಸಲವೂ ವೋಲ್ಟೇಜ್ ಮೈಕ್ರೋಸೆಕೆಂಡಿಗಿಂತ ಕಡಿಮೆ ಹೊತ್ತಲ್ಲಿ ಜಿಗಿಯುತ್ತದೆ. ಆ ಮೋಟಾರ್ ಕೇಬಲ್ ಹೋಗುವ ಚೈನ್‌ನಲ್ಲೇ (ಕೇಬಲ್ ಹೊತ್ತು ಓಡಾಡುವ ಸರಪಳಿ) ಮೈಗೆ ಮೈ ತಾಗಿಸಿ ಲಿಮಿಟ್ ಸ್ವಿಚ್ಚಿನ ವೈರ್ ಎಳೆದರೆ ನಾಯ್ಸ್, ಅಂದರೆ ಸುಳ್ಳು ಸಿಗ್ನಲ್ ಹುಟ್ಟಿಸುವ ವಿದ್ಯುತ್ ಗದ್ದಲ, ಬರದೇ ಇರುತ್ತಾ?

ಮೋಟಾರಿಗೆ ಶೀಲ್ಡ್ ಕೇಬಲ್ಲೇ ಹಾಕಿ, ಅಂದರೆ ಒಳಗಿನ ವೈರುಗಳ ಸುತ್ತ ಲೋಹದ ಎಳೆಗಳ ಹೊದಿಕೆ ಇರುವ ಕೇಬಲ್. ಶೀಲ್ಡನ್ನು ಎರಡೂ ತುದಿಗೆ ಅರ್ಥ್ ಮಾಡಿ. ಇಲ್ಲೇ ಜಾಸ್ತಿ ಜನ ಎಡವುವುದು: ಶೀಲ್ಡಿನ ಎಳೆಗಳನ್ನು ಜಡೆಯ ಹಾಗೆ ಹೊಸೆದು ಉದ್ದ ಬಾಲ ಮಾಡಿ ಸ್ಕ್ರೂಗೆ ಸಿಗಿಸುತ್ತಾರೆ, ಅಷ್ಟು ವೇಗದ ನಾಯ್ಸ್‌ಗೆ ಆ ಬಾಲ ದಾರಿಯೇ ಅಲ್ಲ. ಮೇಲಿನ ಪ್ಲಾಸ್ಟಿಕ್ ಸುಲಿದು, ಶೀಲ್ಡಿನ ಸುತ್ತಲೂ ಕ್ಲಾಂಪ್ ಕೂರಿಸಿ, ಕ್ಲಾಂಪ್ ಕೂರುವ ಜಾಗದಲ್ಲಿ ಪ್ಯಾನೆಲ್ ಪ್ಲೇಟಿನ ಪೇಂಟ್ ಕೆರೆದು ತೆಗೆಯಬೇಕು. ಐದು ನಿಮಿಷದ ಕೆಲಸ. ಸಿಗ್ನಲ್ ವೈರನ್ನು ಒಂದು ಗೇಣಾದರೂ ದೂರ ಇಡಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ಇನ್ನೊಂದು ಮಾತು. ಎಷ್ಟೋ ಅಗ್ಗದ ಸ್ಪಿಂಡಲ್‌ಗಳಲ್ಲಿ (ಕೆತ್ತುವ ಬಿಟ್ ತಿರುಗಿಸುವ ಮೋಟಾರ್) ಪ್ಲಗ್ಗಿನ ನಾಲ್ಕನೇ ಪಿನ್, ಅಂದರೆ ಅರ್ಥ್ ಪಿನ್, ಒಳಗೆ ಲೋಹದ ಮೈಗೆ ಸೇರಿರುವುದೇ ಇಲ್ಲ. ಮೀಟರ್ ಇಟ್ಟು ನೋಡಿ. ಇದು ನಾಯ್ಸ್ ಮಾತ್ರ ಅಲ್ಲ, ಕೆಲಸ ಮಾಡುವ ಹುಡುಗನಿಗೆ ಶಾಕ್ ಹೊಡೆಯುವ ಮಾತು. ಪವರ್ ತೆಗೆದ ಮೇಲೂ ಡ್ರೈವಿನ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ, ಮ್ಯಾನುಯಲ್‌ನಲ್ಲಿ ಬರೆದಷ್ಟು ಹೊತ್ತು ಕಾದೇ ಕೈ ಹಾಕಿ.

ಮೆಷಿನ್ ಮಾರುವವರು ಕೇಬಲ್ಲಿನಲ್ಲಿ ದುಡ್ಡು ಉಳಿಸುವುದು ಬಿಡಲಿ. ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್ ಕಲಿಯುವ ಪ್ರತಿ ಹುಡುಗನ ಕೈಯಲ್ಲೂ ಒಂದು ಡ್ರೈವಿಗೆ ಶೀಲ್ಡ್ ಕ್ಲಾಂಪ್ ಹಾಕಿಸಿಯೇ ಹೊರಗೆ ಕಳಿಸಲಿ.

ಒಬ್ಬ ಪ್ಯಾನೆಲ್ ವೈರಿಂಗ್ ಕೆಲಸಗಾರ, ಬೆಂಗಳೂರು