"ಮನೇಲಿ ಹೇಳ್ಬೇಡ" ಅಂದ ಡೇ ಕೇರ್‌ಗೆ ಒಂದು ದೂರು ಪತ್ರ

ಶಿರಸಿ
ಜೂನ್ 30

ಗೆ,
ವ್ಯವಸ್ಥಾಪಕರು,
ಡೇ ಕೇರ್ ಕೇಂದ್ರ, ಶಿರಸಿ

ವಿಷಯ: ನನ್ನ ಮಗಳನ್ನು ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದ್ದು, ಅದನ್ನು ಮನೆಯಲ್ಲಿ ಹೇಳಬಾರದೆಂದು ಹೆದರಿಸಿದ್ದು.

ಮೇಡಂ, ನಮಸ್ಕಾರ.

ನನ್ನ ಮಗಳಿಗೆ ಈಗ ಮೂರೂವರೆ ವರ್ಷ. ಹೋದ ನವೆಂಬರಿನಿಂದ ನಿಮ್ಮಲ್ಲಿಗೆ ಬರುತ್ತಿದ್ದಳು. ಬೆಳಿಗ್ಗೆ ಒಂಬತ್ತೂವರೆಗೆ ಬಿಟ್ಟು ಕೆಲಸಕ್ಕೆ ಹೋದರೆ ಸಂಜೆ ಐದೂವರೆಗೆ ನಾನು ಬರುವುದು. ತಿಂಗಳಿಗೆ 3,500 ರೂಪಾಯಿ ಫೀಸು ಒಂದು ದಿನವೂ ತಡ ಮಾಡಿಲ್ಲ.

ಕಳೆದ ಮಂಗಳವಾರ ರಾತ್ರಿ ಮಳೆಗೆ ಕರೆಂಟ್ ಹೋಯಿತು. ಶಿರಸಿಯಲ್ಲಿ ಜೂನ್ ತಿಂಗಳಿಗೆ ಇದೇನು ಹೊಸದಲ್ಲ. ಮೊಬೈಲಿನ ಟಾರ್ಚ್ ಹಾಕಿ ತಿರುಗಿ ನೋಡಿದರೆ ಮಗಳು ಗೋಡೆಗೆ ಒತ್ತಿಕೊಂಡು ಕೂತಿದ್ದಾಳೆ. ಎರಡೂ ಕೈಯಿಂದ ತನ್ನ ಬಾಯಿ ತಾನೇ ಮುಚ್ಚಿಕೊಂಡಿದ್ದಾಳೆ. ಕಣ್ಣಲ್ಲಿ ನೀರು ಇಳಿಯುತ್ತಿದೆ, ಸದ್ದಿಲ್ಲ. ಕೈ ಬಿಡಿಸಿದೆ. "ಆಯಿ, ಆನು ಅಳ್ತ್ನಿಲ್ಲೆ. ಲೈಟ್ ಹಾಕು" ಅಂದಳು. ನನ್ನನ್ನು ಅವಳು ಆಯಿ ಅನ್ನುತ್ತಾಳೆ.

ಆಮೇಲೆ ಅಮ್ಮಮ್ಮನ ಮಡಿಲಲ್ಲಿ ಮಲಗಿಕೊಂಡು ಚೂರು ಚೂರೇ ಹೇಳಿದಳು. ಮಧ್ಯಾಹ್ನ ನಿದ್ದೆ ಬರದೆ ಅತ್ತರೆ, ಮಕ್ಕಳನ್ನು ನೋಡಿಕೊಳ್ಳಲು ನೀವಿಟ್ಟಿರುವ ಆಂಟಿ ಹಾಸಿಗೆ ಇಡುವ ಕೋಣೆಗೆ ನೂಕಿ ಹೊರಗಿನಿಂದ ಚಿಲಕ ಹಾಕುತ್ತಾರಂತೆ. ಅಳು ನಿಲ್ಲಿಸಿದ ಮೇಲೆ ಲೈಟ್. ಅದಕ್ಕೂ ಸುಮ್ಮನಾಗದಿದ್ದರೆ ಚಿವುಟುವುದು. ಮನೇಲಿ ಹೇಳಿದರೆ ಆಯಿ ಸಂಜೆ ಕರ್ಕೊಂಡು ಹೋಗೋಕೆ ಬರೋದೇ ಇಲ್ಲ ಅಂದಿದ್ದಾರಂತೆ.

ಅವಳ ಎಡ ತೋಳಿನ ಗುರುತು ಅದರ ಹಿಂದಿನ ವಾರವೇ ನೋಡಿ ನಿಮ್ಮನ್ನು ಕೇಳಿದ್ದೆ. "ಸೊಳ್ಳೆ ಕಚ್ಚಿರಬೇಕು" ಅಂದಿರಿ. ನಾನೂ ನಂಬಿದೆ. ಅದಕ್ಕೆ ನನ್ನ ಮೇಲೇ ನನಗೆ ಸಿಟ್ಟಿದೆ. ಈಗ ಅದರ ಪಕ್ಕ ಇನ್ನೊಂದಿದೆ. ಎರಡು ಉಗುರು ಎದುರುಬದುರು ಊರಿದ ಹಾಗೆ ಯಾವ ಸೊಳ್ಳೆ ಕಚ್ಚುತ್ತದೆ ಮೇಡಂ? ಬುಧವಾರ ಮಕ್ಕಳ ಡಾಕ್ಟರಿಗೆ ತೋರಿಸಿದ್ದೇವೆ. ಚಿವುಟಿದ ಗಾಯ ಎಂದು ಬರೆದುಕೊಟ್ಟಿದ್ದಾರೆ.

ಗುರುವಾರ ನಾನು, ನನ್ನ ಗಂಡ ಬಂದಾಗ ಅರ್ಧ ಗಂಟೆ ಗೇಟಿನಲ್ಲೇ ನಿಲ್ಲಿಸಿದಿರಿ. ಮಕ್ಕಳು ಮಲಗಿದ್ದಾರೆ, ಪಾಲಕರು ಒಳಗೆ ಬಂದರೆ ಡಿಸ್ಟರ್ಬ್ ಆಗುತ್ತದೆ ಅಂದಿರಿ. ಸಿಸಿಟಿವಿ ತೋರಿಸಿ ಎಂದರೆ ಮಳೆಗೆ ಹಾರ್ಡ್ ಡಿಸ್ಕ್ ಹಾಳಾಗಿದೆ ಅಂದಿರಿ. ಹಾಳಾಗದಿದ್ದರೂ ಪ್ರಯೋಜನವಿರಲಿಲ್ಲ ಬಿಡಿ. ನಿಮ್ಮ ಕ್ಯಾಮೆರಾ ಇರುವುದು ಗೇಟಿಗೆ ಮತ್ತು ಹಾಲ್‌ಗೆ. ಚಪ್ಪಲಿ ಕದ್ದರೆ ಗೊತ್ತಾಗುತ್ತದೆ, ಮಗುವನ್ನು ಕೂಡಿಹಾಕಿದರೆ ಗೊತ್ತಾಗುವುದಿಲ್ಲ.

ಕೊನೆಗೆ "ಈ ವಯಸ್ಸಿನ ಮಕ್ಕಳು ಕತೆ ಕಟ್ಟುತ್ತಾರೆ, ಸುಮ್ನೆ ದೊಡ್ಡದು ಮಾಡಬೇಡಿ, ಸಣ್ಣ ಊರು" ಎಂದಿರಿ. ನನ್ನ ಮಗಳು ಕತೆ ಕಟ್ಟುತ್ತಾಳೆ, ನಿಜ. ತೋಟಕ್ಕೆ ಹುಲಿ ಬಂತು ಅಂತ ದಿನಾ ಹೇಳುತ್ತಾಳೆ. ಆದರೆ ಅವಳ ಚೀಲ, ಹೊದಿಕೆ ತರಲು ಎರಡು ನಿಮಿಷ ಒಳಗೆ ಬಿಟ್ಟಿರಲ್ಲ, ಆಗ ಆ ಕೋಣೆ ನೋಡಿದೆ. ಕಿಟಕಿ ಇಲ್ಲ. ಚಿಲಕ ಹೊರಗೆ, ಸ್ವಿಚ್ಚೂ ಹೊರಗೆ. ಅವಳು ಹೇಳಿದ್ದು ಹಾಗೇ ಇತ್ತು.

ಆ ಹೆಂಗಸಿನ ಮೇಲೊಂದೇ ನನ್ನ ಸಿಟ್ಟಲ್ಲ. ಮಧ್ಯಾಹ್ನ ಹದಿನಾಲ್ಕು ಮಕ್ಕಳನ್ನು ಅವರೊಬ್ಬರೇ ನೋಡಬೇಕು. ಊಟ ಮಾಡಿಸಬೇಕು, ತೊಳೆಯಬೇಕು, ನೆಲ ಒರೆಸಬೇಕು. ಯಾವ ತರಬೇತಿಯೂ ಇಲ್ಲ. ಅವರನ್ನು ನಾಳೆ ಬಿಡಿಸಿ ಇನ್ನೊಬ್ಬರನ್ನು ತಂದರೂ ಆ ಕೋಣೆ, ಆ ಚಿಲಕ ಅಲ್ಲೇ ಇರುತ್ತದೆ.

ನನಗೆ ಜಾಸ್ತಿ ಹೆದರಿಕೆಯಾದದ್ದು "ಮನೇಲಿ ಹೇಳ್ಬೇಡ" ಅನ್ನುವ ಮಾತಿಗೆ. ಯಾರಾದರೂ ಗುಟ್ಟು ಅಂದರೆ ಅದನ್ನೇ ಮೊದಲು ಆಯಿಗೆ ಹೇಳು ಅಂತ ನಾವು ಕಲಿಸಿದ್ದೆವು. ಮಕ್ಕಳ ಮೈಮೇಲೆ ಕೆಟ್ಟ ಕೈ ಹಾಕುವವರು ಹೇಳುವುದೂ ಇದೇ ಮಾತನ್ನಲ್ವಾ? ಇಲ್ಲಿ ಅಂಥದ್ದು ಆಗಿಲ್ಲ, ಡಾಕ್ಟರ್ ನೋಡಿದ್ದಾರೆ. ಆದರೆ ಬಾಯಿ ಮುಚ್ಚಿಕೊಂಡಿರುವುದನ್ನು ನಿಮ್ಮಲ್ಲಿ ಅವಳು ಕಲಿತುಬಿಟ್ಟಿದ್ದಾಳೆ. ನಾಳೆ ಬೇರೆ ಯಾರೋ ಏನೋ ಮಾಡಿದರೆ ಹೇಳುತ್ತಾಳೆ ಅಂತ ನಾನು ಹೇಗೆ ನಂಬಲಿ?

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳ ಪ್ರಕಾರ ಶಾಲೆ, ಶಿಶುಪಾಲನಾ ಕೇಂದ್ರ ಎಲ್ಲ ಕಡೆಯೂ ಮಕ್ಕಳ ಒಡನಾಟದಲ್ಲಿರುವ ಪ್ರತಿ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸಬೇಕು. ಗುತ್ತಿಗೆಯವರಾದರೂ ಸರಿ. ಮಕ್ಕಳ ಸುರಕ್ಷತೆಯ ಬಗ್ಗೆ ತರಬೇತಿಯನ್ನೂ ಕೊಡಿಸಬೇಕು. ಎರಡರ ದಾಖಲೆಯನ್ನೂ ನನಗೆ ತೋರಿಸಿ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಕೂಡ ಒಮ್ಮೆ ಓದಿ. ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಯಲ್ಲಿ ಕೆಲಸಕ್ಕಿರುವವರು ಅಥವಾ ಅದನ್ನು ನಡೆಸುವವರು ಮಗುವಿಗೆ ಹಿಂಸೆ ಕೊಟ್ಟರೆ 5 ವರ್ಷದವರೆಗೆ ಕಠಿಣ ಸಜೆ, 5 ಲಕ್ಷದವರೆಗೆ ದಂಡ. ನಡೆಸುವವರು ಅಂದರೆ ನೀವು.

ಏಳು ದಿನದೊಳಗೆ ಲಿಖಿತ ಉತ್ತರ ಬೇಕು. ವಿಚಾರಣೆ ಮುಗಿಯುವವರೆಗೆ ಆ ಸಿಬ್ಬಂದಿಯನ್ನು ಮಕ್ಕಳ ಹತ್ತಿರ ಬಿಡಬೇಡಿ. ಹಾಳಾದ ಹಾರ್ಡ್ ಡಿಸ್ಕ್ ಎಸೆಯಬೇಡಿ. ಕೋಣೆಯ ಚಿಲಕವನ್ನು ಇವತ್ತೇ ತೆಗೆಸಿ. ಪಾಲಕರು ಹೇಳದೆ ಕೇಳದೆ ಯಾವ ಹೊತ್ತಿಗೆ ಬಂದರೂ ಒಳಗೆ ಬಿಡುವ ವ್ಯವಸ್ಥೆ ಮಾಡಿ. ಉಳಿದ ಹದಿಮೂರು ಮಕ್ಕಳ ಮನೆಯವರಿಗೆ ನಡೆದದ್ದನ್ನು ನೀವೇ ತಿಳಿಸಿ. ಈ ವಾರದೊಳಗೆ ತಿಳಿಸದಿದ್ದರೆ ನಾನು ತಿಳಿಸುತ್ತೇನೆ.

1098 ಮಕ್ಕಳ ಸಹಾಯವಾಣಿಗೆ ಶುಕ್ರವಾರವೇ ಫೋನ್ ಮಾಡಿದ್ದೇನೆ. ಈ ಪತ್ರದ ಪ್ರತಿ ಇಲ್ಲಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ (ಸಿಡಿಪಿಒ) ಕಚೇರಿಗೂ ಕಾರವಾರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಹೋಗುತ್ತದೆ. ಕಾರವಾರ ದೂರ, ಘಟ್ಟ ಇಳಿದು ಯಾರು ಹೋಗುತ್ತಾರೆ ಅಂತ ನೀವು ಅಂದುಕೊಂಡಿದ್ದರೆ, ನಾವು ಹೋಗುತ್ತೇವೆ.

ಸೇರಿಸುವಾಗ ಕಟ್ಟಿದ್ದ 2,000 ರೂಪಾಯಿ ಡಿಪಾಸಿಟ್ ವಾಪಸ್ ಕೊಡಿ. ಅವಳ ನೀಲಿ ನೀರಿನ ಬಾಟಲಿಯೂ ನಿಮ್ಮಲ್ಲೇ ಉಳಿದಿದೆ. ದಿನಾ ಕೇಳುತ್ತಿದ್ದಾಳೆ.

ಇಂತಿ,
ಮಗುವಿನ ತಾಯಿ

ಲಗತ್ತು: ಡಾಕ್ಟರ್ ಬರೆದುಕೊಟ್ಟ ಚೀಟಿಯ ಪ್ರತಿ, ತೋಳಿನ ಎರಡು ಫೋಟೊ, ಫೀಸು ಮತ್ತು ಡಿಪಾಸಿಟ್ ರಸೀದಿಗಳು