ಕದಲಲಾಗದವನು ಸೋತವನು, ಅದು ಡ್ರಾ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಒಳಪುಟದಲ್ಲಿ ನಮ್ಮ ಜಿಲ್ಲೆಯಲ್ಲಿ ನಡೆದ ಒಂದು ಡ್ರಾಫ್ಟ್ಸ್ (ಚೆಕರ್ಸ್ ಎಂದೂ ಕರೆಯುವ ಮಣೆಯಾಟ) ಪಂದ್ಯಾವಳಿಯ ಬಗ್ಗೆ ಆರು ಸಾಲಿನ ಸುದ್ದಿ ಬಂದಿತ್ತು. ಸೆಮಿಫೈನಲ್ ಪಂದ್ಯವೊಂದು ‘ಇಬ್ಬರಿಗೂ ದಾರಿ ಮುಚ್ಚಿ ನೀರಸ ಡ್ರಾದಲ್ಲಿ ಕೊನೆಗೊಂಡಿತು’ ಎಂದು ಅದರಲ್ಲಿ ಬರೆದಿದೆ. ಆರು ಸಾಲಿನೊಳಗೆ ಮೂರು ತಪ್ಪು. ದಾರಿ ಮುಚ್ಚಿದ್ದು ಇಬ್ಬರಿಗಲ್ಲ, ಒಬ್ಬರಿಗೆ. ಅದು ಡ್ರಾ ಅಲ್ಲ, ಗೆಲುವು. ನೀರಸವಂತೂ ಅಲ್ಲವೇ ಅಲ್ಲ. ವರದಿಗಾರರನ್ನು ನಾನು ದೂರುವುದಿಲ್ಲ. ಅವರು ತೀರ್ಪುಗಾರರು ಹೇಳಿದ್ದನ್ನು ಬರೆದಿದ್ದಾರೆ. ತೀರ್ಪೇ ತಪ್ಪಾಗಿತ್ತು ಎಂಬುದಕ್ಕೆ ಈ ಪತ್ರ.

ನಾನು ಮೂವತ್ತೊಂದು ವರ್ಷ ನಾಪೋಕ್ಲು ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕದ ಗುಮಾಸ್ತ, ಆಗಿದ್ದವನು. ಆಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್ ಬರೆದ ಕೈ. ಲೆಕ್ಕದಲ್ಲಿ ಒಂದು ಆಳು ಹೆಚ್ಚು ಬಂದರೂ ಕಡಿಮೆ ಬಂದರೂ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಆ ಅಭ್ಯಾಸ ನಿವೃತ್ತಿಯ ನಂತರವೂ ಬಿಟ್ಟಿಲ್ಲ. ಹದಿನಾಲ್ಕು ವರ್ಷದ ಕೆಳಗೆ ರಾಟರ್‌ಡ್ಯಾಮಿನಲ್ಲಿರುವ ತಂಗಿಯ ಮಗ ರಜೆಗೆ ಬಂದಾಗ ನೂರು ಚೌಕದ ಡ್ರಾಫ್ಟ್ಸ್ ಮಣೆಯೊಂದನ್ನು ತಂದುಕೊಟ್ಟ. ಅಲ್ಲಿಯವರೆಗೆ ನಾನು ಬಲ್ಲದ್ದು ಅರವತ್ತನಾಲ್ಕು ಚೌಕದ್ದು. ಅವನು ತಂದ ಮಣೆಯ ಎರಡು ಕಪ್ಪು ಕಾಯಿ ಈಗ ಕಳೆದುಹೋಗಿವೆ. ಬದಲಿಗೆ ನನ್ನ ಹಳೆಯ ಕೋಟಿನ ಗುಂಡಿಗಳು. ಮಳೆಗಾಲದಲ್ಲಿ ಕರೆಂಟು ಹೋದರೆ ನಾಲ್ಕು ದಿನ ಬರುವುದಿಲ್ಲ, ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಆಗ ಜಗಲಿಯಲ್ಲಿ ಈ ಮಣೆಗೆ ಜನ ಸೇರುತ್ತಾರೆ. ಅಲ್ಲಿ ಕೂತು ನೋಡಿ ನೋಡಿ ಕಲಿತವಳು ತೋಟದ ಲೈನ್‌ಮನೆಯ ಹದಿಮೂರು ವರ್ಷದ ಹುಡುಗಿ. ನಾನು ಮೂರು ವರ್ಷ ಕಲಿಸಿದೆ. ಈ ವರ್ಷ ಹತ್ತರಲ್ಲಿ ಆರು ಆಟ ಅವಳೇ ಗೆಲ್ಲುತ್ತಿದ್ದಾಳೆ. ‘ನೀರಸ’ ಪಂದ್ಯದ ಬಿಳಿ ಕಾಯಿ ಅವಳದ್ದು.

ಓದುಗರಿಗೆ ಮಣೆಯ ಪರಿಚಯ ಬೇಕು. ಹತ್ತು ಅಡ್ಡ, ಹತ್ತು ಉದ್ದ. ಆಟ ನಡೆಯುವುದು 50 ಕಪ್ಪು ಚೌಕಗಳ ಮೇಲೆ ಮಾತ್ರ. ಅವಕ್ಕೆ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ 1ರಿಂದ 50ರವರೆಗೆ ಅಂಕಿ. ಒಬ್ಬೊಬ್ಬರಿಗೆ 20 ಕಾಯಿ: ಕಪ್ಪು 1ರಿಂದ 20ರವರೆಗೆ, ಬಿಳಿ 31ರಿಂದ 50ರವರೆಗೆ. ಕಾಯಿ ಮೂಲೆಗೆ ಮೂಲೆಯಾಗಿ ಒಂದೊಂದೇ ಮನೆ ಮುಂದಕ್ಕೆ ಹೋಗುತ್ತದೆ. ಹೊಡೆಯುವುದೆಂದರೆ ಪಕ್ಕದ ಎದುರಾಳಿ ಕಾಯಿಯನ್ನು ಹಾರಿ ಅದರಾಚೆಯ ಖಾಲಿ ಮನೆಗೆ ಇಳಿಯುವುದು; ಆಗ ಮಾತ್ರ ಹಿಂದಕ್ಕೂ ಹಾರಬಹುದು. ಹೊಡೆಯಲು ಸಿಕ್ಕಿದರೆ ಹೊಡೆಯಲೇಬೇಕು; ಎರಡು ದಾರಿಯಿದ್ದರೆ ಹೆಚ್ಚು ಕಾಯಿ ಸಿಗುವ ದಾರಿಯಲ್ಲೇ ಹೋಗಬೇಕು. ಅಂಚಿನಲ್ಲಿರುವ ಕಾಯಿಯನ್ನು ಯಾರೂ ಹೊಡೆಯಲಾರರು, ಏಕೆಂದರೆ ಅದರಾಚೆ ಇಳಿಯಲು ಮನೆಯೇ ಇಲ್ಲ. ಇಷ್ಟು ಸಾಕು.

ಆ ಭಾನುವಾರ ಮಧ್ಯಾಹ್ನ ಕೊನೆಗೆ ಉಳಿದ ಸ್ಥಿತಿ ಇದು. ಹುಡುಗಿಯ ಬಿಳಿ ಕಾಯಿ 34, 39, 44, 45ರಲ್ಲಿ. ಎದುರು ಕೂತಿದ್ದವರು ಚೆಸ್‌ನಲ್ಲಿ ನುರಿತ ಹಿರಿಯರು. ಅವರ ಕಪ್ಪು ಕಾಯಿ 24, 25, 35ರಲ್ಲಿ. ನಡೆ ಅವರದ್ದು. 24ನ್ನು 29ಕ್ಕೆ ಇಟ್ಟರೆ 34 ಅದನ್ನು ಹೊಡೆದು 23ಕ್ಕೆ ಹೋಗುತ್ತದೆ. 25ನ್ನು 30ಕ್ಕೆ ಇಟ್ಟರೂ 34ರದ್ದೇ ಬಾಯಿ. 35ನ್ನು 40ಕ್ಕೆ ತಳ್ಳಿದರೆ 44 ಕಾದು ಕೂತಿದೆ. ಅವರು ಬಹಳ ಹೊತ್ತು ಯೋಚಿಸಿ, ಕಾಯಿ ಕಳೆದುಕೊಳ್ಳದ ಒಂದೇ ನಡೆಯನ್ನು ಆಡಿದರು: 24ರಿಂದ 30. ಈಗ 30ರ ಹಿಂದೆ 25 ಇದೆ, 34 ಹೊಡೆಯಲಾರದು. ಅವರ ಮುಖದಲ್ಲಿ ನಿರಾಳ.

ಹುಡುಗಿ 45ನ್ನು 40ಕ್ಕೆ ಇಟ್ಟಳು. ಅಷ್ಟೇ.

ಮನೆಯಲ್ಲಿ ಮಣೆ ಇರುವವರು ಇಟ್ಟು ನೋಡಿ. 25ಕ್ಕೆ ಮುಂದಿರುವ ಒಂದೇ ಮನೆ 30. ಅಲ್ಲಿ ಅವರದೇ ಕಾಯಿ. 30ಕ್ಕೆ 34 ಅಡ್ಡ, ಅದರ ಬೆನ್ನಿಗೆ 39. 35ಕ್ಕೆ 40 ಅಡ್ಡ, ಅದರ ಬೆನ್ನಿಗೆ 44. ಹಾರಲೂ ಜಾಗವಿಲ್ಲ, ನಡೆಯಲೂ ಜಾಗವಿಲ್ಲ. ಮೂರು ಕಾಯಿ ಜೀವಂತ, ಒಂದೂ ಕದಲುವುದಿಲ್ಲ. ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡು ಸುಮ್ಮನೆ ಕೂತಳು.

ಆಗ ತೀರ್ಪುಗಾರರು ಬಂದು, ‘ನಡೆ ಇಲ್ಲ, ಹಾಗಾಗಿ ಡ್ರಾ’ ಎಂದರು. ನಾನು ಎದ್ದು ನಿಂತು ಆಕ್ಷೇಪಿಸಿದೆ. ‘ಚೆಸ್‌ನಲ್ಲಿ ಹೀಗೇ ಅಲ್ಲವೇ?’ ಎಂದರು. ಹೌದು, ಚೆಸ್‌ನಲ್ಲಿ ಹಾಗೆಯೇ: ರಾಜನಿಗೆ ಶಹ ಇಲ್ಲದೆ ನಡೆಯೂ ಇಲ್ಲದಿದ್ದರೆ ಆಟ ಸಮ. ಆದರೆ ಕೂತಿದ್ದವರು ಚೆಸ್ ಆಡುತ್ತಿರಲಿಲ್ಲ. ಹಾಕಿಯಲ್ಲಿ ಚೆಂಡು ಕಾಲಿಗೆ ತಾಗಿದಾಗ, ಫುಟ್‌ಬಾಲ್‌ನಲ್ಲಿ ತಪ್ಪಲ್ಲವಲ್ಲ ಎಂದು ಯಾರಾದರೂ ವಾದಿಸಿದರೆ ನಮ್ಮ ಕೊಡಗಿನ ಮೈದಾನದಲ್ಲಿ ಅವರನ್ನು ಎರಡನೆಯ ಮಾತಾಡಲು ಬಿಡುತ್ತಾರೆಯೇ? 1947ರಲ್ಲಿ ಸ್ಥಾಪನೆಯಾದ ವಿಶ್ವ ಡ್ರಾಫ್ಟ್ಸ್ ಒಕ್ಕೂಟದ ನಿಯಮದಲ್ಲಿ ಇದು ಸ್ಪಷ್ಟವಿದೆ: ತನ್ನ ಸರದಿ ಬಂದಾಗ ಆಡಲು ನಡೆಯೇ ಇಲ್ಲದವನು, ಕಾಯಿಯೆಲ್ಲ ಕಳೆದುಕೊಂಡವನಂತೆಯೇ, ಸೋತವನು.

ಇಷ್ಟು ದೂರ ಹೋಗುವುದೂ ಬೇಡ. ನಮ್ಮ ಅಜ್ಜಿಯಂದಿರು ಅಂಗಳದ ಕಲ್ಲಿನ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು ಆಡುತ್ತಿದ್ದ ಆಡುಹುಲಿ ನೆನಪಿಲ್ಲವೇ? ಮೂರು ಹುಲಿ, ಹದಿನೈದು ಆಡು. ಆಡು ಹುಲಿಯನ್ನು ಕೊಲ್ಲಲಾರದು, ಕಟ್ಟಿಹಾಕಬಲ್ಲದು. ಹುಲಿ ಕದಲದಂತಾದರೆ ಆಡಿನವರು ಗೆದ್ದರು. ‘ಹುಲಿಗೆ ದಾರಿಯಿಲ್ಲ, ಆಟ ಸಮ’ ಎಂದು ಯಾವ ಅಜ್ಜಿಯೂ ಹೇಳಿದ್ದನ್ನು ನಾನು ಕೇಳಿಲ್ಲ. ನನ್ನ ಅಜ್ಜಿಗೆ ಹೇಳಿದ್ದರೆ ಮಣೆ ತಲೆಗೆ ಬೀಳುತ್ತಿತ್ತು.

ಇದನ್ನು ಇಷ್ಟು ಉದ್ದಕ್ಕೆ ಬರೆಯಲು ಕಾರಣ ಒಂದು ಬಹುಮಾನವಲ್ಲ. ಆ ಒಂದು ನಿಯಮವನ್ನು ತೆಗೆದರೆ ಡ್ರಾಫ್ಟ್ಸ್‌ನ ಅರ್ಧ ವಿದ್ಯೆ ಸತ್ತುಹೋಗುತ್ತದೆ. ನಾವು ಜಗಲಿಯಲ್ಲಿ ಅದಕ್ಕೆ ‘ಕಟ್ಟು’ ಎನ್ನುತ್ತೇವೆ. ಕಾಯಿ ಹೊಡೆಯುವುದು ಕಣ್ಣಿಗೆ ಕಾಣುವ ಆಟ. ಕಟ್ಟು ಹಾಕುವುದು ಕಾಣದ ಆಟ: ಎದುರಾಳಿಯ ಕಾಯಿಯನ್ನು ಮುಟ್ಟದೆ, ಅದು ಇದ್ದೂ ಇಲ್ಲದಂತೆ ಮಾಡುವುದು.

ಚಿಕ್ಕ ಮಾದರಿಯೊಂದನ್ನು ಇಟ್ಟುಕೊಳ್ಳಿ. ಕಪ್ಪು 14, 15, 20ರಲ್ಲಿ. ಬಿಳಿ 25 ಮತ್ತು 29ರಲ್ಲಿ. ನಡೆ ಕಪ್ಪಿನದು. ಮೂರಕ್ಕೆ ಎರಡು, ಕಪ್ಪಿನ ಕೈ ಮೇಲು ಎನಿಸುತ್ತದೆ. ಆದರೆ 15ಕ್ಕೆ ದಾರಿಯೇ ಇಲ್ಲ. ಮುಂದೆ ಅದರದೇ 20 ಕೂತಿದೆ. 14 ಕದಲಿ 19ಕ್ಕೆ ಹೋದರೆ 20ರ ಬೆನ್ನು ಬರಿದಾಗುತ್ತದೆ; 25 ಒಂದೇ ನೆಗೆತದಲ್ಲಿ 20, ಮರುನೆಗೆತದಲ್ಲಿ 19, ಎರಡನ್ನೂ ಕಿತ್ತು 23ಕ್ಕೆ ಇಳಿಯುತ್ತದೆ. 20 ಕದಲಿ 24ಕ್ಕೆ ಹೋದರೆ 29 ಅದನ್ನು ಹೊಡೆದು, ಅಲ್ಲಿಂದಲೇ 14ನ್ನೂ ಹೊಡೆದು 9ಕ್ಕೆ ಹೋಗುತ್ತದೆ. ಉಳಿದ 15 ಬಂದು 20ರಲ್ಲಿ ನಿಂತರೆ 25 ಕಾದಿದೆ. ಅಂಚಿನ 25ನ್ನು ಮಾತ್ರ ಯಾರೂ ಮುಟ್ಟುವ ಹಾಗಿಲ್ಲ. ನನ್ನ ಮಟ್ಟಿಗೆ ಇಡೀ ಆಟದಲ್ಲಿ ಇದಕ್ಕಿಂತ ಚೆಂದದ ನೋಟ ಇಲ್ಲ. ತೋಟದ ಗೇಟಿನಲ್ಲಿ ಒಬ್ಬ ಮುದುಕ ವಾಚ್‌ಮನ್ ಮೂರು ಲಾರಿ ನಿಲ್ಲಿಸಿದ ಹಾಗೆ.

ಈಗ ಅದೇ ಮಣೆ, ಅದೇ ಐದು ಕಾಯಿ, ಆದರೆ ನಡೆ ಬಿಳಿಯದು ಎಂದುಕೊಳ್ಳಿ. 25ಕ್ಕೂ ಹೋಗಲು ಜಾಗವಿಲ್ಲ. ಹಾಗಾಗಿ 29 ಕದಲಲೇಬೇಕು. 24ಕ್ಕೆ ಹೋದರೆ 20 ಅದನ್ನು ನುಂಗುತ್ತದೆ. 23ಕ್ಕೆ ಹೋದರೆ 20ಕ್ಕೆ 24ರ ದಾರಿ ತೆರೆಯುತ್ತದೆ. ಕಟ್ಟು ಬಿಚ್ಚಿತು. ಕಟ್ಟುವವನೂ ಕಟ್ಟಿಕೊಂಡಿರುತ್ತಾನೆ ಎಂಬುದು ಇದರ ಗುಟ್ಟು. ಆದ್ದರಿಂದ ಕಟ್ಟು ಹಾಕುವ ಮೊದಲು ಮಣೆಯ ಇನ್ನೊಂದು ಬದಿಯಲ್ಲಿ ತನಗೆ ಎಷ್ಟು ಬಿಡಿ ನಡೆ ಉಳಿದಿವೆ, ಎದುರಾಳಿಗೆ ಎಷ್ಟು ಎಂದು ಎಣಿಸಬೇಕು. ಒಂದು ನಡೆ ಹೆಚ್ಚಿದ್ದರೆ ಗೆಲುವು, ಒಂದು ಕಡಿಮೆಯಾದರೆ ತಾನು ಹೆಣೆದ ಬಲೆಯನ್ನು ತಾನೇ ಕತ್ತರಿಸಬೇಕು. ನನಗೆ ಇದು ಹಿಡಿಸಿದ್ದು ಚೆಕ್‌ರೋಲಿನ ದೆಸೆಯಿಂದ. ಆದರೂ ಹೋದ ವರ್ಷ ಕೈಲ್‌ಪೊಳ್ದ್ ಹಬ್ಬದ ಮಾರನೆಯ ದಿನ ಇದೇ ಹುಡುಗಿಯ ನಾಲ್ಕು ಕಾಯಿಯನ್ನು ಎಡ ಅಂಚಿನಲ್ಲಿ ಕಟ್ಟಿ, ಮೀಸೆ ತಿರುವಿ, ಒಳಗೆ ಕಾಫಿ ಹೇಳಿದೆ. ಕಾಫಿ ಬರುವಷ್ಟರಲ್ಲಿ ನನ್ನ ಬಿಡಿ ನಡೆ ಮುಗಿದಿದ್ದವು. ‘ರೈಟರ್ ತಾತ, ನಿಮ್ಮದು ಮೂರು ಇತ್ತು, ನನ್ನದು ನಾಲ್ಕು’ ಎಂದಳು. ಅವಳು ಮೊದಲೇ ಎಣಿಸಿದ್ದಳು, ಕಟ್ಟಿಸಿಕೊಂಡದ್ದೂ ಬೇಕೆಂದೇ.

ಇನ್ನೊಂದು ಮಾತು, ಮಣೆಯ ನಡುವಿನ ಬಗ್ಗೆ. ಚೆಸ್ ಕಲಿತವರು ನಡುವನ್ನು ಹಿಡಿದವನೇ ದೊರೆ ಎಂದು ನಂಬಿ ಬರುತ್ತಾರೆ. ಡ್ರಾಫ್ಟ್ಸ್‌ನಲ್ಲಿ ನಡುವನ್ನು ಹಿಡಿಯಲು ಬಿಟ್ಟು, ಎರಡೂ ಅಂಚಿನಿಂದ ನಿಧಾನ ಸುತ್ತುವರಿಯುವ ಒಂದು ಆಟವೇ ಇದೆ. ಡಚ್ಚರು ಅದನ್ನು ‘ಓಮ್‌ಸಿಂಗಲಿಂಗ್’ ಎನ್ನುತ್ತಾರೆ. ಒಳಗಿದ್ದವನಿಗೆ ಹತ್ತು ನಡೆಯವರೆಗೂ ತಾನೇ ಗೆಲ್ಲುತ್ತಿದ್ದೇನೆ ಎನಿಸುತ್ತಿರುತ್ತದೆ. ಆಮೇಲೆ ಕಾಯಿ ವಿನಿಮಯ ಮಾಡಿ ಹಗುರಾಗೋಣವೆಂದರೆ ಎದುರಾಳಿ ಹತ್ತಿರ ಬಂದರೆ ತಾನೆ? ಇವನು ಕಾಯಿ ಒಡ್ಡುವುದು, ಅವನು ಪುಕ್ಕಟೆ ಹೊಡೆಯುವುದು. ಡಚ್ಚರಲ್ಲಿ ಇಂಥ ಮಾತುಗಳು ಬೇಕಾದಷ್ಟಿವೆ. ಒಂದು ಸ್ಥಿತಿಗೆ ‘ಹೆಕ್‌ಸ್ಟೆಲಿಂಗ್’ ಎಂಬ ಹೆಸರಿದೆ. ಹೆಕ್ ಎಂದರೆ ಬೇಲಿ ಎಂದು ತಂಗಿಯ ಮಗ ಹೇಳಿದ. ಆನೆ ಬಾರದ ಹಾಗೆ ಸೋಲಾರ್ ಬೇಲಿ ಹಾಕಿ, ಆಮೇಲೆ ಬೇಲಿಯೊಳಗೇ ಆನೆ ಉಳಿದುಕೊಂಡದ್ದನ್ನು ಕಂಡ ನಮಗೆ ಆ ಹೆಸರು ಬಿಡಿಸಿ ಹೇಳಬೇಕಾಗಿಲ್ಲ.

ಸೆಮಿಫೈನಲ್‌ನಲ್ಲಿ ಆದದ್ದೂ ಅದೇ. ಆ ಹಿರಿಯರು ಮೊದಲ ಇಪ್ಪತ್ತು ನಡೆಯಲ್ಲಿ ನಡುವನ್ನೆಲ್ಲ ತುಂಬಿಕೊಂಡು ಕೂತಿದ್ದರು. ಸುತ್ತ ನಿಂತವರು ಹುಡುಗಿ ಹೆದರಿ ಅಂಚಿಗೆ ಸರಿಯುತ್ತಿದ್ದಾಳೆ ಎಂದುಕೊಂಡರು. ಒಬ್ಬರು ‘ಪಾಪ’ ಎಂದದ್ದೂ ನನ್ನ ಕಿವಿಗೆ ಬಿತ್ತು. ನನಗೆ ನಗು ತಡೆಯಲು ಕೊಡೆಯ ಹಿಡಿಯನ್ನು ಕಚ್ಚಿಕೊಳ್ಳಬೇಕಾಯಿತು.

ಡ್ರಾ ಎಂದಾದ ಮೇಲೆ ಚೀಟಿ ಎತ್ತಿ ಫೈನಲ್‌ಗೆ ಯಾರು ಎಂದು ತೀರ್ಮಾನಿಸಿದರು. ಚೀಟಿ ಅವಳ ಕಡೆ ಬರಲಿಲ್ಲ. ಎದುರಾಳಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹೊರಗೆ ಮಳೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅವರೇ ಬಂದು ‘ನಾನು ಸೋತಿದ್ದೆ, ಮಗೂ’ ಎಂದು ಅವಳಿಗೆ ಹೇಳಿದರು. ಒಳಗೆ ಹೇಳಬಹುದಿತ್ತು.

ಫಲಿತಾಂಶ ಪ್ರಕಟವಾಗಿದೆ, ಇನ್ನು ಬದಲಾಯಿಸಲಾಗದು ಎಂದು ಸಂಘಟಕರು ಫೋನಿನಲ್ಲಿ ಹೇಳಿದರು. ಸೆನೆಗಲ್ ದೇಶದ ಬಾಬಾ ಸಿ ಎಂಬ ಆಟಗಾರನಿಗೆ 1963ರ ವಿಶ್ವ ಚಾಂಪಿಯನ್ ಪಟ್ಟ ಸಲ್ಲಬೇಕಿತ್ತು ಎಂದು ವಿಶ್ವ ಒಕ್ಕೂಟ ಒಪ್ಪಿಕೊಂಡದ್ದು 1986ರಲ್ಲಿ. ಅಷ್ಟರಲ್ಲಿ ಆತ ತೀರಿಕೊಂಡು ಎಂಟು ವರ್ಷವಾಗಿತ್ತು. ಅಷ್ಟು ದೊಡ್ಡವರೇ ಇಪ್ಪತ್ತಮೂರು ವರ್ಷದ ಹಿಂದಿನದನ್ನು ತಿದ್ದಿಕೊಂಡರು. ಇಲ್ಲಿ ಆಗಿರುವುದು ಹನ್ನೊಂದು ದಿನ. ಹುಡುಗಿ ಗಟ್ಟಿಯಾಗಿಯೇ ಇದ್ದಾಳೆ, ಸಂಜೆ ಬಂದು ಹಲಸಿನ ಹಣ್ಣು ತಿಂದು ಹೋದಳು.

ನಾನು ಕೇಳುವುದು ಎರಡು. ಮುಂದಿನ ಪಂದ್ಯಾವಳಿಯ ಮೊದಲು ನಿಯಮಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಬಾಗಿಲಿಗೆ ಅಂಟಿಸಲಿ. ಬರೆದುಕೊಡಲು ನಾನು ಸಿದ್ಧ, ನನ್ನ ಅಕ್ಷರ ದುಂಡಗಿದೆ. ಎರಡನೆಯದು ತಮ್ಮಲ್ಲಿ: ಅದೇ ಒಳಪುಟದಲ್ಲಿ, ಅಷ್ಟೇ ಚಿಕ್ಕ ಅಕ್ಷರದಲ್ಲಿ, ‘ಬಿಳಿಗೆ ಜಯ’ ಎಂದು ಒಂದು ಸಾಲು ಹಾಕಿ. ಹೆಸರು ಹಾಕುವುದು ಬೇಡ ಎಂದು ಅವಳೇ ಹೇಳಿದ್ದಾಳೆ. ಅವಳಿಗೆ ಈಗ ಇರುವ ಚಿಂತೆ ಬೇರೆ: 39ರ ಕಾಯಿ ಇಲ್ಲದೆ, ಮೂರರಲ್ಲೇ ಆ ಕಟ್ಟು ಆಗುತ್ತಿತ್ತೇ ಎಂದು ಕೇಳುತ್ತಿದ್ದಾಳೆ. ಆಗುತ್ತಿರಲಿಲ್ಲ, 30 ಹಾರಿಬಿಡುತ್ತಿತ್ತು ಎಂದೆ. ನಂಬಿಲ್ಲ, ಬೇರೆ ಮನೆಗಳಲ್ಲಿ ಇಟ್ಟು ನೋಡುತ್ತಿದ್ದಾಳೆ.

ಆ ಕೊನೆಯ ಸ್ಥಿತಿಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡು ದಿನಾ ಬೆಳಿಗ್ಗೆ ಜಗಲಿಯ ಮಣೆಯಲ್ಲಿ ಜೋಡಿಸುತ್ತೇನೆ. ತೀರ್ಪುಗಾರರು ಯಾವಾಗ ಬೇಕಾದರೂ ಬಂದು ಕಪ್ಪಿಗೆ ಒಂದೇ ಒಂದು ನಡೆ ತೋರಿಸಿಕೊಡಲಿ. ತೋರಿಸಿದರೂ ತೋರಿಸದಿದ್ದರೂ ಕಾಫಿ ಕೊಡುತ್ತೇನೆ, ನಮ್ಮ ಹಿತ್ತಲಿನದೇ. ಕೋಟಿನ ಗುಂಡಿಗಳೂ ಕಾಯಿಗಳೇ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ.

ಇಂತಿ,
ಒಬ್ಬ ನಿವೃತ್ತ ಎಸ್ಟೇಟ್ ರೈಟರ್
ನಾಪೋಕ್ಲು, ಕೊಡಗು